ಮಳೆಗಾಲಕ್ಕೆ ಬಾಗಿಲು ಹಾಕುವ ದ್ವೀಪ

ಸ್ಮರಣ ಸಂಚಿಕೆಯ ಲೇಖನಕ್ಕೆ ಒಂದು ಅಚ್ಚು ಇದೆ. ಮೊದಲು ಸ್ಥಾಪಕರ ಭಾವಚಿತ್ರ, ಆಮೇಲೆ ಶಂಕುಸ್ಥಾಪನೆಯ ದಿನ, ಜಾಗ ಬಿಟ್ಟುಕೊಟ್ಟ ಪುಣ್ಯಾತ್ಮರ ಹೆಸರು, ಹಣ ಸಾಲದೆ ಕಟ್ಟಡ ಅರ್ಧಕ್ಕೆ ನಿಂತ ಕಥೆ, ಕೊನೆಗೆ ಹಾಲಿ ಅಧ್ಯಕ್ಷರ ನಾಲ್ಕು ಮಾತು. ಉಬ್ರಾಣಿ ಕಡೆಯ ನಮ್ಮ ಶಾಲೆಯ ಸಂಚಿಕೆಗೆ ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಚರಿತ್ರೆ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ, ಅದನ್ನು ಈ ಅಚ್ಚಿಗೆ ಹೊಂದಿಸುವುದು ಹೇಗೆ ಎಂಬ ಚಿಂತೆ ಹತ್ತಿತು. ಸ್ಥಾಪಕರು ಜ್ವಾಲಾಮುಖಿ. ಸ್ಥಾಪನೆಯ ಕಾಲ ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಜಾಗ ಬಿಟ್ಟುಕೊಟ್ಟು ಹೋದವರು ಮಡಗಾಸ್ಕರ್‌ನವರು. ಹಾಲಿ ಅಧ್ಯಕ್ಷರು ಯಾರೆಂದರೆ ಅರಬ್ಬೀ ಸಮುದ್ರ ಎನ್ನಬೇಕು. ಪ್ರತಿ ವರ್ಷ ಮಳೆಗಾಲದಲ್ಲಿ ದ್ವೀಪದ ಬಾಗಿಲು ಹಾಕಿಸುವುದು, ಮಳೆ ಮುಗಿದ ಮೇಲೆ ತೆರೆಯಗೊಡುವುದು ಎಲ್ಲವೂ ಅದರ ಮರ್ಜಿ.

ಅಡಿಕೆ ತೋಟದ ಊರಿಗೂ ಕಡಲ ನಡುವಿನ ಬಂಡೆಗೂ ಏನು ಸಂಬಂಧ ಎಂದು ಕೇಳುವವರು ಶಾಲಾ ಪ್ರವಾಸಕ್ಕೆ ಮಕ್ಕಳನ್ನು ಕರೆದುಕೊಂಡು ಹೋದವರಲ್ಲ. ಡಿಸೆಂಬರ್ ಬಂತೆಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯ ಬಸ್ಸುಗಳು ಘಟ್ಟ ಇಳಿಯುತ್ತವೆ. ಶೃಂಗೇರಿ, ಹೊರನಾಡು, ಧರ್ಮಸ್ಥಳ, ಉಡುಪಿ ಮಠ, ಕೊನೆಗೆ ಮಲ್ಪೆ. ಘಟ್ಟದ ತಿರುವಿನಲ್ಲಿ ಹೊಟ್ಟೆ ತೊಳಸಿ ಕಿಟಕಿಗೆ ತಲೆಯಿಟ್ಟ ಮಕ್ಕಳು ಕೂಡ ಮಲ್ಪೆಯಲ್ಲಿ ಕಡಲು ಕಂಡೊಡನೆ ಎದ್ದು ಕೂರುತ್ತಾರೆ. ಬೋಟಿನಲ್ಲಿ ಆರು ಕಿಲೋಮೀಟರ್ ಹೋಗಿ ದ್ವೀಪದಲ್ಲಿ ಇಳಿದರೆ, ಗಾರೆ ಹಾಕದೆ ಒತ್ತೊತ್ತಾಗಿ ನಿಲ್ಲಿಸಿದ ಹಾಗೆ ಸಾಲು ಸಾಲು ಕಲ್ಲಿನ ಕಂಬಗಳು. ಐದು ಮುಖದವು, ಆರು ಮುಖದವು, ಅಲ್ಲೊಂದು ಇಲ್ಲೊಂದು ಏಳು ಮುಖದವು. ಪ್ರತಿ ತಂಡದಲ್ಲೂ ಒಬ್ಬರಾದರೂ ಕೇಳುವ ಪ್ರಶ್ನೆ ಒಂದೇ: "ಸಾರ್, ಇದನ್ನು ಯಾರು ಕೆತ್ತಿದ್ದು?" ಬೇಲೂರು ನೋಡಿ ಬಂದ ಮಕ್ಕಳಿಗೆ ಈ ಪ್ರಶ್ನೆ ಸಹಜ. ಎಷ್ಟೋ ಸಲ ಮೇಷ್ಟ್ರ ಉತ್ತರ "ಪ್ರಕೃತಿ ಕಣಪ್ಪ" ಎಂಬಲ್ಲಿಗೆ ಮುಗಿಯುತ್ತದೆ. ಈ ಲೇಖನ ಆ ಉತ್ತರದ ಉಳಿದ ಭಾಗ.

ಭೂಮಿಯ ಒಳಗಿಂದ ಉಕ್ಕಿ ಬಂದ ಲಾವಾ ನಿಂತಲ್ಲಿ ನಿಂತು ಆರತೊಡಗಿದಾಗ ಕುಗ್ಗುತ್ತದೆ. ದೊಡ್ಡ ಹರವಿನ ವಸ್ತು ಕುಗ್ಗಬೇಕಾದರೆ ಎಲ್ಲೋ ಒಂದು ಕಡೆ ಬಿರಿಯಲೇಬೇಕು. ಬೇಸಿಗೆಯಲ್ಲಿ ಜಗಳೂರು ಸೀಮೆಯ ಕೆರೆಯಂಗಳದ ಎರೆಮಣ್ಣು ಬಿರಿದದ್ದನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಲಾವಾ ಒಂದೇ ಸಮನಾಗಿ, ನಿಧಾನವಾಗಿ ತಣ್ಣಗಾದರೆ ಬಿರುಕುಗಳು ಒಂದನ್ನೊಂದು ಸುಮಾರು 120 ಡಿಗ್ರಿಯಲ್ಲಿ ಕೂಡುತ್ತವೆ. ಹಾಗೆ ಕೂಡಿದರೆ ಷಡ್ಭುಜ ಆಗುತ್ತದೆ. ಎಲ್ಲ ಕಡೆಯಿಂದ ಸೆಳೆತ ಸಮನಾಗಿ ತೀರಲು ಅದಕ್ಕಿಂತ ಕಡಿಮೆ ಖರ್ಚಿನ ದಾರಿ ಇಲ್ಲ. ಮಣ್ಣಿನ ಬಿರುಕು ಒಂದೆರಡು ಅಡಿಗೆ ನಿಲ್ಲುತ್ತದೆ. ಲಾವಾದಲ್ಲಿ ಹಾಗಲ್ಲ. ಮೇಲ್ಮೈ ಗಟ್ಟಿಯಾದಂತೆ ತಂಪು ಒಳಗೆ ಇಳಿಯುತ್ತದೆ, ತಂಪಿನ ಹಿಂದೆಯೇ ಬಿರುಕೂ ಇಳಿಯುತ್ತ ಹೋಗುತ್ತದೆ. ಕೊನೆಗೆ ಉಳಿಯುವುದು ಅಕ್ಕಪಕ್ಕ ಅಂಟಿ ನಿಂತ ಕಂಬಗಳು. ತಂಪಾಗುವ ಮೇಲ್ಮೈ ಯಾವ ಕಡೆಗಿತ್ತೋ ಅದಕ್ಕೆ ನೇರ ಲಂಬವಾಗಿ ಕಂಬ ನಿಲ್ಲುವುದರಿಂದ, ಕಂಬ ಓರೆಯಾಗಿರುವ ಕಡೆ ಆ ಮೇಲ್ಮೈಯೂ ಓರೆಯಾಗಿತ್ತೆಂದು ತಿಳಿಯಬಹುದು. ಮುಂದಿನ ಸಲ ಹೋದಾಗ ಮಕ್ಕಳಿಗೆ ಇದನ್ನೊಂದು ಆಟ ಮಾಡಿ ಕೊಡಿ: ಕಂಬದ ಮುಖ ಎಣಿಸುವುದು, ಅದು ಯಾವ ಕಡೆ ವಾಲಿದೆ ಎಂದು ಬರೆದುಕೊಳ್ಳುವುದು. ಸೆಲ್ಫಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ನೀರಿನ ಅಂಚಿಗೆ ಹೋಗುವ ಆಸೆಯೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಇಂಥ ಕಂಬಗಳಿಗೆ ಜಗತ್ತಿನಲ್ಲಿ ಹೆಸರಾದ ಜಾಗ ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ. ಅಲ್ಲಿ ಸುಮಾರು 40,000 ಕಂಬಗಳಿವೆ. 1986ರಲ್ಲೇ ಅದು ವಿಶ್ವ ಪರಂಪರೆಯ ತಾಣವಾಯಿತು. ಅಲ್ಲಿಯದು ಬಸಾಲ್ಟ್. ನಮ್ಮ ದ್ವೀಪದ ಕಲ್ಲನ್ನೂ ಬಹಳ ಕಾಲ ಬಸಾಲ್ಟ್ ಎಂದೇ ಕರೆದರು, ಇಂದಿಗೂ ಹಲವು ಕಡೆ ಹಾಗೆಯೇ ಬರೆಯುತ್ತಾರೆ. ರಾಸಾಯನಿಕ ಪರೀಕ್ಷೆ ಮಾಡಿದವರು ಹೇಳುವುದು ಬೇರೆ: ಇದು ಸಿಲಿಕಾ ಹೆಚ್ಚಿರುವ ಡೇಸೈಟ್ ಮತ್ತು ರಯೋಲೈಟ್ ಜಾತಿಯ ಕಲ್ಲು. ಅಂಥ ಲಾವಾ ಅಂಟಂಟಾಗಿರುತ್ತದೆ, ಸಲೀಸಾಗಿ ಹರಿಯುವುದಿಲ್ಲ. ಅದರಲ್ಲಿ ಇಷ್ಟು ಅಚ್ಚುಕಟ್ಟಾದ ಕಂಬ ಮೂಡುವುದು ಬಸಾಲ್ಟಿನಲ್ಲಿ ಮೂಡುವುದಕ್ಕಿಂತ ಅಪರೂಪ.

ವಯಸ್ಸಿನ ವಿಷಯಕ್ಕೆ ಬಂದರೆ ಇಲ್ಲೊಂದು ಸಣ್ಣ ವ್ಯಾಜ್ಯವೇ ನಡೆದಿದೆ. ಪಶ್ಚಿಮ ಭಾರತದಲ್ಲಿ ಜ್ವಾಲಾಮುಖಿಯ ಕಲ್ಲು ಸಿಕ್ಕಿದರೆ ದಖನ್ ಪ್ರಸ್ಥಭೂಮಿಯ ಲೆಕ್ಕಕ್ಕೆ ಸೇರಿಸುವುದು ಹಿಂದಿನವರ ರೂಢಿ. ಬೆಳಗಾವಿಯಿಂದ ಮಹಾರಾಷ್ಟ್ರದ ಉದ್ದಕ್ಕೂ ಹರಡಿರುವ ಆ ಲಾವಾ ಸುಮಾರು 6.6 ಕೋಟಿ ವರ್ಷ ಹಿಂದಿನದು. ಮಲ್ಪೆಯ ದ್ವೀಪ ಅದರ ಒಂದು ಚೂರು ಎಂದು ತಿಳಿದಿದ್ದರು. 1980ರ ದಶಕದ ಆರಂಭದಲ್ಲಿ ಪೊಟ್ಯಾಸಿಯಂ-ಆರ್ಗಾನ್ ವಿಧಾನದಲ್ಲಿ ಅಳೆದಾಗ ಉತ್ತರ 9.3 ಕೋಟಿ ವರ್ಷ ಎಂದು ಬಂತು. ಕಲ್ಲಿನಲ್ಲಿರುವ ಪೊಟ್ಯಾಸಿಯಂನ ಒಂದು ಬಗೆ ಗೊತ್ತಾದ ವೇಗದಲ್ಲಿ ಆರ್ಗಾನ್ ಅನಿಲವಾಗುತ್ತ ಹೋಗುತ್ತದೆ. ಲಾವಾ ಗಟ್ಟಿಯಾದ ಮೇಲೆ ಆ ಅನಿಲ ಒಳಗೇ ಸಿಕ್ಕಿಕೊಳ್ಳುತ್ತದೆ. ಎಷ್ಟು ಕೂಡಿದೆ ಎಂದು ಅಳೆದರೆ ವಯಸ್ಸು ಸಿಗುತ್ತದೆ. ಆಮೇಲೆ ಇನ್ನೂ ಸೂಕ್ಷ್ಮ ವಿಧಾನಗಳು ಬಂದವು. ಒಂದು ತಂಡ 9.1 ಕೋಟಿ ಎಂದಿತು, ಇನ್ನೊಂದು 8.56 ಕೋಟಿ ಎಂದಿತು. ಜನಬಳಕೆಯಲ್ಲಿ ಉಳಿದದ್ದು ನಡುವಿನ 8.8 ಕೋಟಿ. ಯಾರ ಲೆಕ್ಕ ಹಿಡಿದರೂ ಒಂದು ಮಾತು ಖಚಿತ: ದಖನ್ ಲಾವಾಕ್ಕಿಂತ ದ್ವೀಪವೇ ಹಿರಿಯದು, ಕಡಿಮೆಯೆಂದರೂ ಸುಮಾರು ಎರಡು ಕೋಟಿ ವರ್ಷ ಹಿರಿಯದು.

ಹಾಗಾದರೆ ಯಾವ ಜ್ವಾಲಾಮುಖಿ ಇದು? ಉತ್ತರ ಸಿಕ್ಕಿದ್ದು ಕಡಲಾಚೆ. ಮಡಗಾಸ್ಕರ್ ದ್ವೀಪದಲ್ಲಿ ಇದೇ ವಯಸ್ಸಿನ ಲಾವಾ ಧಾರಾಳವಾಗಿದೆ. ಆ ಕಾಲದಲ್ಲಿ ಭಾರತವೂ ಮಡಗಾಸ್ಕರೂ ಒಂದೇ ಭೂಖಂಡ. ಇಂದು ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿರುವ ಮೇರಿಯನ್ ಎಂಬ ಬಿಸಿತಾಣದ ಮೇಲೆ ಆ ಭೂಖಂಡ ಸಾಗುವಾಗ ನೆಲ ಸೀಳಿತು, ಸೀಳಿನಲ್ಲಿ ಲಾವಾ ಉಕ್ಕಿತು, ಮಡಗಾಸ್ಕರ್ ಅಲ್ಲೇ ಉಳಿಯಿತು, ನಮ್ಮ ಪಾಲು ಉತ್ತರಕ್ಕೆ ಹೊರಟಿತು. ಅಣ್ಣತಮ್ಮಂದಿರ ಹಿಸ್ಸೆ ಪತ್ರದಲ್ಲಿ ಗಡಿಕಲ್ಲು ಬರೆಯುತ್ತಾರಲ್ಲ, ಮಲ್ಪೆಯ ಕಂಬಗಳು ಆ ವಿಭಜನೆಯ ಗಡಿಕಲ್ಲು. ಕರ್ನಾಟಕದ ಕರಾವಳಿ ಎಂಬ ಗೆರೆ ಹುಟ್ಟಿದ ಕಾಲಕ್ಕೆ ಸಾಕ್ಷಿಯಾಗಿ ಉಳಿದ ಕಲ್ಲು ಇದು.

ಇನ್ನು ಮನುಷ್ಯರ ಕಥೆ. ಇಲ್ಲಿ ನಾಲ್ಕು ಮುಖ್ಯ ದ್ವೀಪಗಳಿವೆ: ತೆಂಗಿನ ದ್ವೀಪ ಅಥವಾ ಕೋಕನಟ್ ಐಲ್ಯಾಂಡ್, ಉತ್ತರ ದ್ವೀಪ, ದರಿಯಾ ಬಹಾದ್ದೂರ್‌ಗಡ, ದಕ್ಷಿಣ ದ್ವೀಪ. ಪ್ರವಾಸಿಗರು ಇಳಿಯುವುದು, ಕಂಬಗಳು ಚೆನ್ನಾಗಿ ಕಾಣುವುದು ತೆಂಗಿನ ದ್ವೀಪದಲ್ಲಿ. ಉದ್ದ ಅರ್ಧ ಕಿಲೋಮೀಟರ್, ಅಗಲ ನೂರು ಮೀಟರ್ ಆಜುಬಾಜು. ಉಬ್ರಾಣಿ ಕಡೆಯ ಮಧ್ಯಮ ರೈತರೊಬ್ಬರ ತೋಟಕ್ಕೂ ಅದಕ್ಕೂ ಬಹಳ ವ್ಯತ್ಯಾಸವಿಲ್ಲ. ಸ್ಥಳೀಯರು ಇದನ್ನು ತೋನ್ಸೆಪಾರ್ ಎನ್ನುತ್ತಾರೆ. ಕುಡಿಯುವ ನೀರಿಲ್ಲ, ವಾಸದ ಮನೆಯಿಲ್ಲ, ರಾತ್ರಿ ತಂಗಲು ಬಿಡುವುದಿಲ್ಲ.

ಮೇರಿಯ ಹೆಸರು ತಂದವನು ವಾಸ್ಕೋ ಡ ಗಾಮ. ಅವನು ಭಾರತದಲ್ಲಿ ಮೊದಲು ಕಾಲಿಟ್ಟದ್ದೇ ಇಲ್ಲಿ, ಆಮೇಲೆ ಕಲ್ಲಿಕೋಟೆಗೆ ಹೋದ ಎಂದು ಪ್ರವಾಸಿ ಕರಪತ್ರಗಳಲ್ಲೂ ಗೈಡುಗಳ ಬಾಯಲ್ಲೂ ಬರುತ್ತದೆ. ಅವನ ಹಡಗಿನಲ್ಲಿದ್ದವನೊಬ್ಬ ಬರೆದಿಟ್ಟ ದಿನಚರಿ ಬೇರೆ ಹೇಳುತ್ತದೆ. ಗಾಮ 1498ರ ಮೇ ತಿಂಗಳಲ್ಲಿ ಕಲ್ಲಿಕೋಟೆಯ ಹತ್ತಿರ ಬಂದ. ಅಲ್ಲಿಯ ದೊರೆ ಸಾಮೂದಿರಿಯೊಂದಿಗೆ ವ್ಯವಹಾರ ಕುದುರದೆ ಆಗಸ್ಟ್ ಕೊನೆಗೆ ಹೊರಟ. ತೀರ ಹಿಡಿದು ಉತ್ತರಕ್ಕೆ ಬರುವಾಗ ಸೆಪ್ಟೆಂಬರ್ 15ರಂದು ದಡದಿಂದ ಸ್ವಲ್ಪ ದೂರದ ನಡುಗಡ್ಡೆಯೊಂದರ ಮೇಲೆ ಕಲ್ಲಿನ ಕಂಬ ನೆಟ್ಟು ಸಾಂತಾ ಮಾರಿಯಾ ಎಂದು ಹೆಸರಿಟ್ಟ. ಪೋರ್ಚುಗಲ್ ದೊರೆ ನೆಡಲೆಂದು ಕೊಟ್ಟು ಕಳಿಸಿದ್ದ ಮೂರು ಕಂಬಗಳಲ್ಲಿ ಅದೊಂದು. ಅಂದರೆ ಇದು ಬರುವ ದಾರಿಯ ನಿಲ್ದಾಣ ಆಗಿರಲಿಲ್ಲ, ಬರಿಗೈಯಲ್ಲಿ ಹೊರಟವನ ಹೋಗುವ ದಾರಿಯದು. ಸಾವಿರಾರು ಕಂಬಗಳು ತಾವಾಗಿ ನಿಂತ ಜಾಗಕ್ಕೆ ಅಷ್ಟು ದೂರದಿಂದ ಇನ್ನೊಂದು ಕಂಬ ಹೊತ್ತು ತಂದದ್ದು ತಮಾಷೆಯೇ ಸರಿ. ಅವನ ಕಂಬ ಇಂದು ಅಲ್ಲಿಲ್ಲ.

ದರಿಯಾ ಬಹಾದ್ದೂರ್‌ಗಡದ್ದು ನಮಗೆ ಇನ್ನೂ ಹತ್ತಿರದ ಕಥೆ. ಅಲ್ಲಿಯ ಕೋಟೆ ಬಿದನೂರಿನ ಬಸಪ್ಪನಾಯಕ ಕಟ್ಟಿಸಿದ್ದೆಂದು ಹಳೆಯ ಜಿಲ್ಲಾ ಕೈಪಿಡಿಗಳು ಹೇಳುತ್ತವೆ. ಆ ಬಸಪ್ಪನಾಯಕ ಕೆಳದಿ ಚೆನ್ನಮ್ಮಾಜಿಯ ದತ್ತುಮಗನೇ ಇರಬೇಕು. ಚನ್ನಗಿರಿ ಪೇಟೆಗೆ ಹೆಸರು ಬಂದದ್ದು ಆ ಚೆನ್ನಮ್ಮಾಜಿಯಿಂದ ಎಂಬುದು ನಮ್ಮ ಕಡೆ ಎಲ್ಲರ ಬಾಯಲ್ಲಿರುವ ಮಾತು. ಘಟ್ಟದ ಮೇಲಿನ ಮೆಣಸು, ಅಕ್ಕಿ ಕೆಳಗಿಳಿದು ಕರಾವಳಿಯ ಬಂದರುಗಳಿಂದ ಹಡಗು ಹತ್ತುತ್ತಿದ್ದ ಕಾಲ ಅದು. ತಾಯಿಯ ಹೆಸರಿನ ಬೆಟ್ಟದಡಿಯಿಂದ ಹೊರಟ ಬಸ್ಸು ಮಗನ ಕೋಟೆಯಿದ್ದ ಕಡಲಿಗೆ ಹೋಗಿ ನಿಲ್ಲುತ್ತದೆ ಎಂದರೆ ಇತಿಹಾಸದ ಪಾಠಕ್ಕೆ ಬೇರೆ ಪೀಠಿಕೆ ಬೇಕೆ?

ದ್ವೀಪದ ಕಂಬಗಳು ಸ್ಮಾರಕವೆಂದು ಸರ್ಕಾರಿ ಕಾಗದಕ್ಕೆ ಬಂದದ್ದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಮೂಲಕ. 1851ರಲ್ಲಿ, ಮುಖ್ಯವಾಗಿ ಕಲ್ಲಿದ್ದಲು ಹುಡುಕಲೆಂದು ಹುಟ್ಟಿದ ಆ ಸಂಸ್ಥೆ ನಂತರದ ಕಾಲದಲ್ಲಿ, ಅಗೆದು ತೆಗೆಯುವ ಕಲ್ಲು ಬೇರೆ, ಇದ್ದಲ್ಲೇ ಉಳಿಸಬೇಕಾದ ಕಲ್ಲು ಬೇರೆ ಎಂದು ಗುರುತಿಸತೊಡಗಿತು. ಅದರ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಯಲ್ಲಿ ಕರ್ನಾಟಕದ್ದು ನಾಲ್ಕು: ಮಲ್ಪೆಯ ಕಂಬಗಳು, ಚಿತ್ರದುರ್ಗದ ಬಳಿಯ ಮರಡಿಹಳ್ಳಿಯ ದಿಂಬು ಲಾವಾ, ಕೋಲಾರದ ಪೆದ್ದಪಲ್ಲಿಯ ಜ್ವಾಲಾಮುಖಿ ಚೂರುಗಳ ಬಂಡೆ, ಬೆಂಗಳೂರು ಲಾಲ್‌ಬಾಗಿನ ನೀಸ್ ಗುಡ್ಡ. ನಾಲ್ಕರಲ್ಲಿ ಮೂರು ಬೆಂಕಿಯಿಂದ ಹುಟ್ಟಿದವು. ಇಂದು ಒಂದೂ ಜೀವಂತ ಜ್ವಾಲಾಮುಖಿ ಇಲ್ಲದ ರಾಜ್ಯದ ಮಟ್ಟಿಗೆ ಇದು ಕಡಿಮೆ ಆಸ್ತಿಯಲ್ಲ.

ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ರಕ್ಷಣೆ ಬರುವುದಿಲ್ಲ. ಹಳೆಯ ದೇವಸ್ಥಾನ, ಶಾಸನಕ್ಕೆ ಕೈ ಹಾಕಿದರೆ ಶಿಕ್ಷೆ ಕೊಡುವ ಕಾನೂನು ಈ ದೇಶದಲ್ಲಿ ಬಹಳ ಹಿಂದಿನಿಂದ ಇದೆ. ಭೂಮಿಯೇ ಬರೆದ ಶಾಸನಕ್ಕೆ ಅಂಥ ಪ್ರತ್ಯೇಕ ಕಾನೂನು ಇರಲಿಲ್ಲ. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗಣಿ ಸಚಿವಾಲಯ ಭೂಪರಂಪರೆ ತಾಣಗಳ ರಕ್ಷಣೆಗೆ ಒಂದು ಕರಡು ಮಸೂದೆ ಹೊರಡಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಅದಕ್ಕಿಂತ ದೊಡ್ಡ ಸುದ್ದಿ ಬಂತು: ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಭಾರತದಿಂದ ಸೇರಿದ ಏಳು ನೈಸರ್ಗಿಕ ತಾಣಗಳಲ್ಲಿ ಸೇಂಟ್ ಮೇರೀಸ್ ದ್ವೀಪ ಸಮೂಹವೂ ಒಂದು. ಪಂಚಗನಿ-ಮಹಾಬಲೇಶ್ವರದ ದಖನ್ ಲಾವಾ, ಕೇರಳದ ವರ್ಕಲದ ಕಡಲ ಬಂಡೆ, ತಿರುಮಲ ಬೆಟ್ಟ ಇವೆಲ್ಲ ಅದೇ ಪಂಕ್ತಿಯಲ್ಲಿವೆ. ತಾತ್ಕಾಲಿಕ ಪಟ್ಟಿ ಎಂದರೆ ಅರ್ಜಿ ಹಾಕಲು ಅರ್ಹತೆ ಸಿಕ್ಕಿದೆ ಎಂದಷ್ಟೇ. ಕನಿಷ್ಠ ಒಂದು ವರ್ಷ ಅಲ್ಲಿ ಇರಬೇಕು, ಆಮೇಲೆ ನಾಮನಿರ್ದೇಶನ, ಪರಿಶೀಲನೆ, ತೀರ್ಮಾನ. ಪತ್ರಿಕೆಗಳಲ್ಲಿ ಕೆಲವರು ಪ್ರಶಸ್ತಿ ಬಂದೇಬಿಟ್ಟಿತು ಎಂಬಂತೆ ಬರೆದರು. ಅವಸರ ಬೇಡ.

ಪಟ್ಟಿ, ಫಲಕಗಳೆಲ್ಲ ಬರುವುದಕ್ಕೆ ಮೊದಲಿನಿಂದಲೂ ದ್ವೀಪವನ್ನು ಕಾಯುತ್ತ ಬಂದದ್ದು ಮಳೆಗಾಲ. ಮೇ ಮುಗಿಯುತ್ತಿದ್ದಂತೆ ಕಡಲು ಏಳುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆಯಿಟ್ಟು ಮರಿ ಮಾಡುವ ಕಾಲ. ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಮೈತಾಗಿಸಿಕೊಂಡು ನಿಂತುಬಿಡುತ್ತವೆ. ಮಲ್ಪೆ ಬೀಚಿನಲ್ಲಿ ಕೆಂಪು ಬಾವುಟ ನೆಟ್ಟು, ಜನ ನೀರಿಗಿಳಿಯದಂತೆ ದಡದ ಉದ್ದಕ್ಕೂ ಬಲೆ ಕಟ್ಟುತ್ತಾರೆ. ಮೀನಿಗೆ ಹಾಕುವ ಬಲೆಯನ್ನು ಮನುಷ್ಯರಿಗೆ ಹಾಕುವ ಕಾಲ ಅದೊಂದೇ. ದ್ವೀಪದ ಬೋಟುಗಳೂ ನಿಲ್ಲುತ್ತವೆ. ಮೀನುಗಾರಿಕೆಯ ನಿಷೇಧ ಮುಗಿದರೂ ದ್ವೀಪ ತಕ್ಷಣ ತೆರೆಯುವುದಿಲ್ಲ. ಮೀನುಗಾರರಾದ ಮೊಗವೀರರು ಸಮುದ್ರಪೂಜೆ ಮಾಡಿ, ಹಾಲು ಹೂವು ಅರ್ಪಿಸಿ ಕಡಲಿಗಿಳಿದ ಮೇಲೂ ಪ್ರವಾಸಿ ಬೋಟು ಕಾಯಬೇಕು. ಮೀನುಗಾರರಿಗೆ ಅಲೆಯ ಮೇಲೆ ನಿಂತು ಅಭ್ಯಾಸ. ನಮ್ಮಂಥ ಬಯಲುಸೀಮೆಯವರಿಗೆ ಬೋಟಿನ ಅಂಚು ಹಿಡಿದು ಕೂರುವುದೇ ಸಾಹಸ. ಗಾಳಿ ತಗ್ಗಿ, ಅಲೆ ಇಳಿದು, ಜಿಲ್ಲಾಡಳಿತ ಅನುಮತಿ ಕೊಟ್ಟ ಮೇಲೆ, ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್‌ಗೋ ಮೊದಲ ಬೋಟು ಹೊರಡುತ್ತದೆ.

ಈ ಮುಚ್ಚಿದ ತಿಂಗಳುಗಳಲ್ಲಿ ದ್ವೀಪಕ್ಕೆ ಏನಾಗುತ್ತದೆ ಎಂಬುದನ್ನು ಮೊದಲ ವಾರದಲ್ಲಿ ಹೋದವರು ಕಂಡಿರುತ್ತಾರೆ. ಬೇಸಿಗೆಯಲ್ಲಿ ತುಳಿದು ಬೋಳಾದ ನೆಲದ ಮೇಲೆ ಹುಲ್ಲು ಬಂದಿರುತ್ತದೆ. ದಡದಲ್ಲಿ ಮರಳಿಗಿಂತ ಚಿಪ್ಪೇ ಹೆಚ್ಚಿರುವ ಜಾಗ ಅದು. ಅಲೆಗಳು ಹೊಸ ಚಿಪ್ಪಿನ ರಾಶಿ ತಂದು ಹಾಕಿರುತ್ತವೆ. ಕಂಬಗಳ ಬುಡದ ಸಂದಿಯಲ್ಲಿ ಸಣ್ಣ ಏಡಿಗಳು, ಬಂಡೆಗೆ ಅಂಟಿದ ಶಂಖದ ಹುಳುಗಳು. ಮೇಲೆ ಗರುಡ, ಬೆಳ್ಳಕ್ಕಿ. ಅಲೆ ತಂದು ಹಾಕುವ ಮತ್ತೊಂದು ವಸ್ತು ಪ್ಲಾಸ್ಟಿಕ್. ಅದರಲ್ಲಿ ಎಷ್ಟು ನದಿಗಳ ಪಾಲಿದೆಯೋ. ತೆರೆಯುವ ಮೊದಲು ಅದನ್ನು ಆರಿಸಿ ತೆಗೆಯುವುದೇ ಒಂದು ದೊಡ್ಡ ಕೆಲಸ. ಎಷ್ಟೋ ವರ್ಷ ದೊಡ್ಡ ಬೋಟು ದ್ವೀಪಕ್ಕೆ ತಾಗದೆ ದೂರ ನಿಂತು, ಜನರನ್ನು ಸಣ್ಣ ದೋಣಿಗೆ ಇಳಿಸಿ ದಡ ಮುಟ್ಟಿಸುತ್ತಿದ್ದರು. ಅನುಕೂಲಕ್ಕೆಂದು ಜೆಟ್ಟಿ ಬೇಕೆಂಬ ಕೂಗು ಹಳೆಯದು. ನನಗೆ ಕೇಳಿದರೆ ಆ ಅನನುಕೂಲವೇ ದ್ವೀಪದ ಅರ್ಧ ಆಯಸ್ಸು ಉಳಿಸಿತು. ಬಸ್ಸು ನೇರ ಹೋಗುವ ಜಾಗಗಳ ಗತಿ ಏನಾಗಿದೆ ಎಂದು ನೋಡಿದ್ದೇವಲ್ಲ.

ಬೆಂಕಿ ಕೈಯಿಟ್ಟ ಕಡಲತೀರ ಮುಚ್ಚುವುದು, ತೆರೆಯುವುದು ನಮ್ಮಲ್ಲಿ ಹೀಗೆ ಋತುಮಾನದ ಸಂಗತಿ. ಬೆಂಕಿಯೇ ಜನರ ಕಣ್ಣೆದುರು ಕಡಲತೀರವನ್ನು ಮುಚ್ಚಿಸಿ, ಆಮೇಲೆ ಅದು ಮತ್ತೆ ತೆರೆದ ಜಾಗವೊಂದಿದೆ, ಅದರ ಕಥೆ ಇಲ್ಲಿ ಹೇಳಲೇಬೇಕು. ಹವಾಯಿಯ ದೊಡ್ಡ ದ್ವೀಪದ ಪೂರ್ವ ತೀರದಲ್ಲಿ ಪೊಹೊಯ್ಕಿ ಎಂಬ ಊರು. ಅಲ್ಲಿ ಐಸಾಕ್ ಹೇಲ್ ಹೆಸರಿನ ಕಡಲತೀರದ ಉದ್ಯಾನ. ಆ ಊರಿನ ಮನೆತನದವನೇ ಆದ ಐಸಾಕ್ ಹೇಲ್ ಕೊರಿಯಾ ಯುದ್ಧದಲ್ಲಿ 1951ರಲ್ಲಿ ಮಡಿದ ಸೈನಿಕ. ಪೂನಾ ಎಂಬ ಆ ಸೀಮೆಗೆಲ್ಲ ದೋಣಿ ಇಳಿಸಲು ಇದ್ದ ಒಂದೇ ಇಳಿಜಾರು ಕಟ್ಟೆ ಈ ಉದ್ಯಾನದಲ್ಲಿತ್ತು. ಹಾಗಾಗಿ ಅದು ಪಿಕ್ನಿಕ್ ಜಾಗವೂ ಹೌದು, ಮೀನುಗಾರರ ಹೊಟ್ಟೆಪಾಡೂ ಹೌದು.

2018ರ ಮೇ 3ರಂದು ಕಿಲವೇಯ ಜ್ವಾಲಾಮುಖಿಯ ಕೆಳ ಪೂರ್ವ ಭಾಗದಲ್ಲಿ, ಜನವಸತಿಯ ನಡುವೆಯೇ ನೆಲ ಸೀಳಿತು. ಮರುದಿನ 6.9 ತೀವ್ರತೆಯ ಭೂಕಂಪ. ಒಟ್ಟು 24 ಸೀಳುಗಳು ಬಾಯ್ತೆರೆದವು. ಎಂಟನೆಯ ಸೀಳಿನಿಂದ ಹೊರಟ ಲಾವಾ ನದಿಯಂತೆ ಕಡಲಿಗೆ ಹರಿದು ಕಪೋಹೊ ಎಂಬ ಕೊಲ್ಲಿಯನ್ನೇ ಜೂನ್ ಮೊದಲ ವಾರದಲ್ಲಿ ತುಂಬಿಬಿಟ್ಟಿತು. 700ಕ್ಕೂ ಹೆಚ್ಚು ಮನೆಗಳು ಹೋದವು. ಕಡಲಿನೊಳಗೆ 875 ಎಕರೆ ಹೊಸ ನೆಲ ಹುಟ್ಟಿತು. ಲಾವಾ ಉದ್ಯಾನದ ಅಂಚಿಗೂ ಬಂತು. ದೋಣಿಕಟ್ಟೆಯಿಂದ ಸುಮಾರು 70 ಮೀಟರ್ ದೂರದಲ್ಲಿ, ಆಗಸ್ಟ್‌ನಲ್ಲಿ ನಿಂತಿತು. ಕಟ್ಟೆ ಉಳಿಯಿತು ಎಂದು ಜನ ನಿಟ್ಟುಸಿರು ಬಿಡುವಷ್ಟರಲ್ಲಿ ಕಡಲು ಬೇರೆ ಆಟ ಹೂಡಿತು. ಕುದಿಯುವ ಲಾವಾ ತಣ್ಣೀರಿಗೆ ಬಿದ್ದರೆ ಗಾಜಿನಂತೆ ಸಿಡಿದು ಪುಡಿಯಾಗುತ್ತದೆ. ಆ ಕರಿ ಪುಡಿಯನ್ನು ಪ್ರವಾಹ ದಡದುದ್ದಕ್ಕೂ ತಂದು ಪೊಹೊಯ್ಕಿಯ ಕೊಲ್ಲಿಯಲ್ಲಿ ರಾಶಿ ಹಾಕಿತು. ಮುಂಚೆ ಇಲ್ಲದ ಕಪ್ಪು ಮರಳಿನ ಕಡಲತೀರ ಹುಟ್ಟಿತು. ಕಟ್ಟೆಯ ಬಾಯಿ ಮುಚ್ಚಿಹೋಯಿತು. ಕಟ್ಟೆ ಇತ್ತು, ಕಡಲು ದೂರ ಸರಿದಿತ್ತು. ಮರಳ ಹಿಂದೆ ಸಿಕ್ಕಿಬಿದ್ದ ನೀರು ನೆಲದ ಕಾವಿಗೆ ಬೆಚ್ಚಗಾಗಿ ಬಿಸಿನೀರ ಕೊಳಗಳಾದವು.

ಗಟ್ಟಿಯಾದ ಲಾವಾದ ಮೇಲೆ ದಾರಿ ಕಡಿದು, 2018ರ ಡಿಸೆಂಬರ್ 6ರಂದು ಉದ್ಯಾನವನ್ನು ಮತ್ತೆ ತೆರೆದರು. ಲಾವಾ ನಿಂತು ನಾಲ್ಕೇ ತಿಂಗಳು. ಜನ ಬಂದು ಹೊಸ ಮರಳ ಮೇಲೆ ನಡೆದರು, ಕೊಳಗಳಲ್ಲಿ ಮೈ ಕಾಯಿಸಿಕೊಂಡರು. ಪೆಲೆ ಎಂಬ ಬೆಂಕಿಯ ದೇವತೆ ತನ್ನ ನೆಲ ತಾನು ತೆಗೆದುಕೊಂಡಳು, ಬದಲಿಗೆ ಹೊಸದು ಕೊಟ್ಟಳು ಎಂದು ನಂಬುವ ನಾಡು ಅದು. ಮಾರಿಯನ್ನು ಬೈಯದೆ ಬೀಳ್ಕೊಡುವ ನಮ್ಮ ಹಳ್ಳಿಗರಿಗೆ ಆ ಭಾವ ಅರ್ಥವಾದೀತು. ಮೀನುಗಾರರ ಪಾಡು ಮಾತ್ರ ಸುಧಾರಿಸಲಿಲ್ಲ. ಮರಳು ತೆಗೆದು ಕಟ್ಟೆಯ ಬಾಯಿ ಬಿಡಿಸಿಕೊಡಿ ಎಂದು ಅವರು ವರ್ಷಗಟ್ಟಲೆ ಕೇಳಬೇಕಾಯಿತು. ಆವರೆಗೂ ಹಿಲೋ ಪಟ್ಟಣಕ್ಕೆ ದೋಣಿ ಎಳೆದುಕೊಂಡು ಹೋಗಬೇಕಿತ್ತು. ಪ್ರವಾಸಿಗರಿಗೆ ನಾಲ್ಕು ತಿಂಗಳಲ್ಲಿ ತೆರೆದದ್ದು ದುಡಿಯುವವರಿಗೆ ವರ್ಷಗಳಾದರೂ ತೆರೆಯಲಿಲ್ಲ ಎಂಬುದು ಅಲ್ಲಿಯ ಚರಿತ್ರೆಯ ಕಹಿ ಭಾಗ. ಮಲ್ಪೆಯಲ್ಲಿ ದ್ವೀಪದ ಬಗ್ಗೆ ಯೋಜನೆ ಮಾಡುವವರು, ಅಲ್ಲಿನ ಮೀನುಗಾರರನ್ನು ಮೊದಲು ಕೇಳಬೇಕು ಎನ್ನುವುದಕ್ಕೆ ನಾನು ಕೊಡುವ ಕಾರಣ ಇದೇ.

ದ್ವೀಪದಲ್ಲಿ ಅನಾಹುತಗಳೂ ಆಗಿವೆ. 2022ರ ಏಪ್ರಿಲ್‌ನಲ್ಲಿ ಕೇರಳದ ಕಾಲೇಜೊಂದರಿಂದ ಪ್ರವಾಸ ಬಂದಿದ್ದ ವಿದ್ಯಾರ್ಥಿಗಳು ಇಲ್ಲಿ ಕಡಲುಪಾಲಾದರು. ಬಂಡೆಯ ಮೇಲಿನ ಪಾಚಿ ಎಣ್ಣೆಗಿಂತ ಜಾರು. ಅಲೆ ಹಿಂದೆ ಸರಿಯುವಾಗಿನ ಸೆಳೆತ ಈಜು ಬಲ್ಲವರನ್ನೂ ಬಿಡುವುದಿಲ್ಲ. ಜೀವರಕ್ಷಕರು ಸೀಟಿ ಊದಿದರೆ ಅದು ನಮ್ಮ ಸಂತೋಷ ಕೆಡಿಸಲಿಕ್ಕಲ್ಲ. ಸೂಳೆಕೆರೆಯಲ್ಲಿ ಈಜು ಕಲಿತವರಿಗೆ ಇದನ್ನು ಎರಡು ಸಲ ಹೇಳಬೇಕು, ಏಕೆಂದರೆ ಕೆರೆಯ ನೀರು ನಿಂತಲ್ಲಿ ನಿಲ್ಲುತ್ತದೆ.

ಕೊನೆಯದಾಗಿ ಒಂದು ಮಾತು, ಮತ್ತು ಅದು ನಮ್ಮ ಸೀಮೆಯದು. ಜ್ವಾಲಾಮುಖಿ ನೋಡಲು ಕಡಲಿಗೇ ಹೋಗಬೇಕೆಂದಿಲ್ಲ. ಚಿತ್ರದುರ್ಗದಿಂದ ಸುಮಾರು 16 ಕಿಲೋಮೀಟರ್ ಆಗ್ನೇಯಕ್ಕಿರುವ ಮರಡಿಹಳ್ಳಿಯ ದಿಂಬು ಲಾವಾಕ್ಕೆ ಸುಮಾರು 250 ಕೋಟಿ ವರ್ಷ. ಲಾವಾ ನೀರಿನೊಳಗೇ ಉಕ್ಕಿದಾಗ ಹೊರಮೈ ಥಟ್ಟನೆ ಗಟ್ಟಿಯಾಗಿ ಚೀಲದಂತಾಗುತ್ತದೆ. ಒಳಗಿನ ಒತ್ತಡಕ್ಕೆ ಚೀಲ ಒಡೆದು ಮುಂದೆ ಇನ್ನೊಂದು ಚೀಲ ಉಬ್ಬುತ್ತದೆ. ಹೀಗೆ ಒಂದರ ಮೇಲೊಂದು ಕೂತ ದಿಂಬುಗಳ ರಾಶಿ. ಪೊಹೊಯ್ಕಿಯಲ್ಲಿ ಲಾವಾ ನೀರಿಗೆ ಬಿದ್ದು ಮರಳಾಯಿತು, ಮರಡಿಹಳ್ಳಿಯಲ್ಲಿ ನೀರೊಳಗೇ ಹುಟ್ಟಿ ದಿಂಬಾಯಿತು, ಮಲ್ಪೆಯಲ್ಲಿ ಗಾಳಿಗೆ ನಿಧಾನ ಆರಿ ಕಂಬವಾಯಿತು. ಅಂದರೆ ಇಂದು ಮಳೆಗೆ ಬಾಯಿ ಬಿಡುವ ಚಿತ್ರದುರ್ಗದ ಸೀಮೆ ಒಂದು ಕಾಲಕ್ಕೆ ಕಡಲ ತಳ. ನಮ್ಮ ಚನ್ನಗಿರಿ, ಹೊನ್ನಾಳಿ ಕಡೆಯ ಬೆಟ್ಟಗಳೂ ಇದೇ ಧಾರವಾಡ ಶಿಲಾವರ್ಗದ ಹಳೆಯ ಬಳಗಕ್ಕೆ ಸೇರಿದವು. ದೇಶದ ಭೂವಿಜ್ಞಾನಿಗಳು ಹುಡುಕಿಕೊಂಡು ಬರುವ ಈ ಬಂಡೆಗೆ ನಮ್ಮ ಕಡೆಯ ಶಾಲೆಗಳ ಎಷ್ಟು ಬಸ್ಸುಗಳು ನಿಂತಿವೆ? ಬೆರಳೆಣಿಕೆಗೂ ಸಿಗಲಾರವು.

ಈ ಸಂಚಿಕೆ ಓದುವ ಶಿಕ್ಷಕರಲ್ಲೂ ಪೋಷಕರಲ್ಲೂ ನನ್ನ ವಿನಂತಿ ಇಷ್ಟು. ಬರುವ ವರ್ಷದ ಪ್ರವಾಸಕ್ಕೆ ಮುಂಚೆ ಮಕ್ಕಳಿಗೆ ಮರಡಿಹಳ್ಳಿ ತೋರಿಸಿ, ಆಮೇಲೆ ಮಲ್ಪೆಗೆ ಕರೆದೊಯ್ಯಿರಿ. ಬೋಟು ಹೊರಡುತ್ತದೆಯೋ ಇಲ್ಲವೋ ಎಂದು ಉಡುಪಿಯಲ್ಲಿ ವಿಚಾರಿಸಿ ದಿನ ಗೊತ್ತುಮಾಡಿ. ಕಡಲು ಬೇಡವೆಂದ ದಿನ ಬೋಟಿನವರ ಜೊತೆ ಜಗಳಕ್ಕೆ ಇಳಿಯಬೇಡಿ. ಕಂಬದ ಮೇಲೆ ಹೆಸರು ಕೆತ್ತುವ ಹುಡುಗನ ಕೈ ಹಿಡಿಯಿರಿ. ಚಿಪ್ಪುಗಳನ್ನು ಟಿಫಿನ್ ಬಾಕ್ಸಿಗೆ ತುಂಬಲು ಬಿಡಬೇಡಿ, ಒಯ್ದ ನೀರಿನ ಬಾಟಲಿಗಳನ್ನು ಎಣಿಸಿ ವಾಪಸು ತನ್ನಿ. ಬೋಟು ಅಕ್ಟೋಬರ್‌ನಿಂದ ಮೇವರೆಗೆ ಸಾಮಾನ್ಯವಾಗಿ ಇರುತ್ತದೆ.